ದೀಪದ ಮೇಲಿನ ಬಾತುಕೋಳಿ

ಮಾರ್ಚ್ ೪, ಶನಿವಾರ

 

ಬೆಳಿಗ್ಗೆ ಹತ್ತೂಕಾಲಿಗೆ ರೈಲ್ವೆ ಗೇಟು ದಾಟುವಾಗ ಗಾಡಿ ಹಳಿಗಳ ಮೇಲೇ ನಿಂತುಬಿಟ್ಟಿತು. ಯಾವ ಸೂಚನೆಯೂ ಇಲ್ಲದೆ. ಮಗಳು ಪುಟ್ಟಿ ಹಿಂದಿನ ಸೀಟಿನಲ್ಲಿದ್ದಳು, ಈಜಿನ ಕ್ಲಾಸಿನ ಚೀಲ ತೊಡೆಯ ಮೇಲೆ. ಕೀಲಿ ತಿರುಗಿಸಿದೆ. ಇಂಜಿನ್ ಗರಗರ ತಿರುಗಿತೇ ಹೊರತು ಹತ್ತಿಕೊಳ್ಳಲಿಲ್ಲ. ಮತ್ತೆ ತಿರುಗಿಸಿದೆ, ಮತ್ತೆ. ಅಷ್ಟರಲ್ಲಿ ಗೇಟಿನ ಗಂಟೆ ಬಡಿದುಕೊಳ್ಳತೊಡಗಿತು. ಇನ್ನೊಂದು ಸಲ ತಿರುಗಿಸಿದರೆ ಹತ್ತಿಕೊಳ್ಳುತ್ತದೆ ಎಂದು ನನಗೆ ಅನ್ನಿಸುತ್ತಲೇ ಇತ್ತು. ಹಿಂದಿದ್ದ ಲಾರಿಯ ಡ್ರೈವರ್ ಹಾರಿ ಬಂದು, ಬಾಗಿಲು ತೆಗೆದು, ಪುಟ್ಟಿಯನ್ನು ಎತ್ತಿಕೊಂಡು ಹೋಗಿ ರಸ್ತೆ ಬದಿಗೆ ಇಳಿಸಿದ. ನಾನೇ ಇಳಿಸುವವನಿದ್ದೆ, ಅಷ್ಟರಲ್ಲಿ ಅವನು ಬಂದ. ಆಮೇಲೆ ಅವನೂ ಸೈಕಲ್ಲಿನಲ್ಲಿ ಹೋಗುತ್ತಿದ್ದ ಇಬ್ಬರೂ ಸೇರಿ ಗಾಡಿ ತಳ್ಳಿದರು. ನಾವು ಆಚೆ ದಾಟಿದ ಎರಡು ನಿಮಿಷಕ್ಕೆ ರೈಲು ಹೋಯಿತು. ಎರಡು ನಿಮಿಷ ಅಂದರೆ ಅಂಥ ಅಪಾಯವೇನೂ ಇರಲಿಲ್ಲ. ಆದರೂ ಲಾರಿಯವನು ಎಲ್ಲರ ಎದುರು ನನ್ನ ನೀರಿಳಿಸಿದ.

ಇಪ್ಪತ್ತು ನಿಮಿಷ ಬಿಟ್ಟು ಕೀಲಿ ತಿರುಗಿಸಿದರೆ ಒಂದೇ ಸಲಕ್ಕೆ ಹತ್ತಿಕೊಂಡಿತು, ಏನೂ ಆಗೇ ಇಲ್ಲ ಅನ್ನುವ ಹಾಗೆ. ಹದಿನೈದು ವರ್ಷದ ಗಾಡಿ. ಸದ್ದು ಕೇಳಿ ಪುಟ್ಟಿ ಇದಕ್ಕೆ ಗೊರಕೆ ಎಂದು ಹೆಸರಿಟ್ಟಿದ್ದಾಳೆ. ಇಷ್ಟು ವರ್ಷ ಕೈಕೊಡದ್ದು ಇವತ್ತೇ ಕೊಡಬೇಕಿತ್ತೇ?

ಪುಟ್ಟಿ ಮತ್ತೆ ಅದರೊಳಗೆ ಕಾಲಿಡಲಿಲ್ಲ. ಬಸ್ಸಿನಲ್ಲೇ ಅವಳಮ್ಮನ ಹತ್ತಿರ ವಾಪಸು ಕರೆದುಕೊಂಡು ಹೋದೆ. ನಾನೂ ಹೆಂಡತಿಯೂ ಬೇರೆಯಾಗಿ ಎಂಟು ತಿಂಗಳು. ಅವಳು ಮಗಳ ಜೊತೆ ತನ್ನ ಅಪ್ಪನ ಮನೆಯಲ್ಲಿದ್ದಾಳೆ. ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಳು. ಗಾಡಿ ಯಾವಾಗ ಕೆಡುತ್ತದೆ ಎಂದು ಯಾರಿಗೆ ಗೊತ್ತಿರುತ್ತದೆ, ಗೇಟಿನವನಾದರೂ ಸ್ವಲ್ಪ ನೋಡಿ ಗಂಟೆ ಹೊಡೆಯಬಾರದಿತ್ತೇ ಎಂದೆ.

"ಸರಿ, ನಿಂದೇನೂ ತಪ್ಪಿಲ್ಲ. ಯಾವತ್ತೂ ಇರಲ್ಲ," ಎಂದಳು. "ಗಾಡಿ ಸರಿಹೋಗಿದೆ ಅಂತ ನಂಗೆ ನಂಬಿಕೆ ಬರೋವರೆಗೂ ಇವಳು ನಿನ್ ಜೊತೆ ಬರಲ್ಲ. ನೋಡ್ಬೇಕು ಅನ್ಸಿದ್ರೆ ಇಲ್ಲೇ ಬಂದು ಕೂತು ನೋಡ್ಕೊಂಡು ಹೋಗು."

ಶನಿವಾರ ಬೆಳಿಗ್ಗೆಯಿಂದ ಭಾನುವಾರ ಸಂಜೆಯವರೆಗೆ. ನನ್ನ ಪಾಲಿಗೆ ಮಗಳು ಉಳಿದಿದ್ದೇ ಅಷ್ಟು. ಅದನ್ನೂ ಒಂದು ಹಳೇ ಇಂಜಿನ್ ಕಿತ್ತುಕೊಂಡಿತು.

ಮಾರ್ಚ್ ೫, ಭಾನುವಾರ

ಭಾನುವಾರ ಇಷ್ಟು ಉದ್ದ ಇರುತ್ತದೆಂದು ಗೊತ್ತಿರಲಿಲ್ಲ. ಅವಳ ಹೊದಿಕೆ ಮಡಚಿದ್ದು ಮಡಚಿದ ಹಾಗೇ ಇದೆ.

ಹೊತ್ತು ಹೋಗಲಿ ಎಂದು ಕೆಳಗಿಳಿದು ಗಾಡಿಯಲ್ಲಿ ಕೂತೆ. ಮೀಟರಿನ ಗಾಜಿನ ಎಡಮೂಲೆಯಲ್ಲಿ ಪುಟ್ಟಿಯ ಬಾತುಕೋಳಿ ಸ್ಟಿಕರ್ ಇತ್ತು, ಹೆಬ್ಬೆರಳಿನ ಉಗುರಿನಷ್ಟು, ಹಳದಿ. ಅದರ ಕೆಳಗಿರುವುದು ಇಂಜಿನ್ನಿನ ಎಚ್ಚರಿಕೆ ದೀಪ. ನವೆಂಬರಿನಿಂದ ಉರಿಯುತ್ತಿದೆ. ಹಳೇ ಗಾಡಿಗಳಲ್ಲಿ ಅದು ಉರಿಯುವುದು ಮಾಮೂಲಿ, ಅದನ್ನೆಲ್ಲ ತಲೆಗೆ ಹಚ್ಚಿಕೊಂಡರೆ ಗಾಡಿ ಓಡಿಸಿದ ಹಾಗೇ. ದೀಪ ಕಣ್ಣಿಗೆ ಚುಚ್ಚುತ್ತದೆ ಎಂದು ಪುಟ್ಟಿ ಅದರ ಮೇಲೆ ಸ್ಟಿಕರ್ ಅಂಟಿಸಿಬಿಟ್ಟಿದ್ದಳು. ಮಕ್ಕಳಲ್ಲವೇ.

ಉಗುರಿನಿಂದ ಕೆರೆದು ತೆಗೆದೆ. ಯಾರಾದರೂ ನೋಡಿದರೆ ಇಲ್ಲದ್ದೆಲ್ಲ ಊಹಿಸಿಕೊಳ್ಳುತ್ತಾರೆ.

ಮಾರ್ಚ್ ೭, ಮಂಗಳವಾರ

ರಿಟೈರಾದ ಟೀಚರೊಬ್ಬರು ಅಂಗಡಿಗೆ ಬಂದಿದ್ದರು. ಹೋದ ವಾರ ಕೊಟ್ಟ ಕನ್ನಡಕ ಹಾಕಿಕೊಂಡರೆ ಮೆಟ್ಟಿಲೆಲ್ಲ ಓರೆಯಾಗಿ ಕಾಣುತ್ತವಂತೆ. ಹೊಸ ಕನ್ನಡಕ ಹಾಗೇ ಮೇಡಂ, ಎರಡು ವಾರ ಹಾಕಿ, ಕಣ್ಣು ಒಗ್ಗಿಕೊಳ್ಳುತ್ತದೆ ಎಂದು ಸಾಗಹಾಕಿದೆ. ಲೆನ್ಸ್ ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸ ಇಪ್ಪತ್ತೊಂದು ವರ್ಷದಿಂದ ಮಾಡುತ್ತಿದ್ದೇನೆ. ಬಂದವರೆಲ್ಲ ಮೊದಲು ದೂರುವುದು ಲೆನ್ಸನ್ನೇ.

ಮಧ್ಯಾಹ್ನ ಊಟ ಬಿಟ್ಟು ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ ಒಂದು ಪುಟ್ಟ ಯಂತ್ರವನ್ನು ಸ್ಟೀರಿಂಗಿನ ಕೆಳಗೆ ಸಿಕ್ಕಿಸಿ ನೋಡಿದ. ಕ್ರ್ಯಾಂಕ್ ಸೆನ್ಸರ್ ಹೋಗಿದೆ ಎಂದ. ಇಂಜಿನ್ನಿನ ದಂಡ ಎಲ್ಲಿಗೆ ತಿರುಗಿದೆ ಎಂದು ಗಾಡಿಯ ಮೆದುಳಿಗೆ ಹೇಳುತ್ತಾ ಇರುವುದು ಅದರ ಕೆಲಸವಂತೆ. ಬಿಸಿ ಏರಿದಾಗ ಅದರ ಬಾಯಿ ಕಟ್ಟುತ್ತದೆ, ಕಿಡಿ ಯಾವಾಗ ಕೊಡಬೇಕೆಂದು ಮೆದುಳಿಗೆ ತಿಳಿಯುವುದಿಲ್ಲ, ಇಂಜಿನ್ ಆರಿಹೋಗುತ್ತದೆ. ತಣ್ಣಗಾದರೆ ಮತ್ತೆ ಬಾಯಿ ಬಿಡುತ್ತದೆ. ದೀಪ ಉರಿಯುತ್ತಿರಲಿಲ್ಲವೇ ಎಂದು ಕೇಳಿದ. ಗಮನಿಸಿಲ್ಲ ಎಂದೆ. ಅವನು ಮೀಟರನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದ.

ಅವನಿಗೆ ಮೂರು ವಾರ ಪುರಸೊತ್ತಿಲ್ಲ. ಸೆನ್ಸರ್ ಬೇಕಾದರೆ ತರಿಸಿಕೊಡುತ್ತಾನಂತೆ. ಇರುವುದು ಒಂದೇ ಬೋಲ್ಟು, ಕೈ ತೂರಿಸುವುದೇ ಕಷ್ಟ ಎಂದ. ಎಳ್ಳಿನಷ್ಟು ತಿರುಪು ಹಾಕುವ ಕೈ ನನ್ನದು. ಒಂದು ಬೋಲ್ಟು ಯಾವ ಮಹಾ?

ಮಾರ್ಚ್ ೮, ಬುಧವಾರ

ಫೋನಿನಲ್ಲಿ ಪುಟ್ಟಿ ಸಿಕ್ಕಳು. ಸ್ಕೂಲು, ಊಟ, ಈಜು ಎಂದು ಏನು ಕೇಳಿದರೂ ಹೂಂ, ಊಹೂಂ, ಅಷ್ಟೇ. ಇನ್ನೇನು ಇಡಬೇಕು ಅನ್ನುವಾಗ ದನಿ ತಗ್ಗಿಸಿದಳು.

"ಅಪ್ಪ, ನಾನು ಅಮ್ಮಂಗೆ ಹೇಳಿಲ್ಲ."

"ಏನು ಪುಟ್ಟಿ?"

"ಬಾತುಕೋಳಿ ವಿಷ್ಯ."

ಜಾಣೆ ಕಣೇ ನೀನು ಎಂದೆ. ನಿಜವಾಗಿಯೂ ಜಾಣೆ. ಎಂಟು ವರ್ಷಕ್ಕೆ ಎಷ್ಟು ತಿಳಿವಳಿಕೆ! ಎದೆಯ ಮೇಲಿನ ಭಾರ ಇಳಿದಂತಾಗಿ ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡೆ.

ಮಾರ್ಚ್ ೧೧, ಶನಿವಾರ

ಅವರ ಮನೆಯ ಸೋಫಾದ ತುದಿಯಲ್ಲಿ ಎರಡು ಗಂಟೆ ಕೂತು ಬಂದೆ. ದಂತವೈದ್ಯರ ಹತ್ತಿರ ಸರದಿ ಕಾಯುವವರೂ ಇದಕ್ಕಿಂತ ಆರಾಮಾಗಿ ಕೂರುತ್ತಾರೆ. ಅವಳು ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡುತ್ತಾ ಇದ್ದಳು, ಬೇಕೆಂದೇ. ಪುಟ್ಟಿ ನೆಲದ ಮೇಲೆ ಬಣ್ಣ ಹಚ್ಚುತ್ತಿದ್ದಳು. ಗೊರಕೆಗೆ ಹೊಸ ಸೆನ್ಸರ್ ಬಂದಿದೆ, ನಾಳೆ ಹಾಕುತ್ತೇನೆ ಎಂದರೆ ತಲೆ ಎತ್ತಲಿಲ್ಲ. ಮುಂದಿನ ಶನಿವಾರ ಈಜಿಗೆ ಗಾಡಿಯಲ್ಲೇ ಹೋಗೋಣವಾ ಎಂದರೆ ಎದ್ದು ಒಳಗೆ ಹೋದಳು. ಅವಳಮ್ಮ ಅದೇನು ತಲೆಗೆ ತುಂಬಿದ್ದಾಳೋ.

ಮಾವ ಮೂಲೆಯ ಕುರ್ಚಿಯಲ್ಲಿ ಪೇಪರ್ ಹಿಡಿದಿದ್ದರು. ಬಸ್ ಡಿಪೋದಲ್ಲಿ ಮೂವತ್ತೆರಡು ವರ್ಷ ಮೆಕ್ಯಾನಿಕ್ ಆಗಿದ್ದವರು. ಮೊದಲೆಲ್ಲ ಬಾಯ್ತುಂಬ ಅಳಿಯಂದ್ರೇ ಎನ್ನುತ್ತಿದ್ದರು, ಎಂಟು ತಿಂಗಳಿಂದ ನನ್ನನ್ನು ಏನೂ ಕರೆಯುವುದಿಲ್ಲ. ನಾನು ಚಪ್ಪಲಿ ಹಾಕಿಕೊಳ್ಳುವಾಗ ಪೇಪರ್ ಮಡಚಿ, ನಾಳೆ ಎಷ್ಟು ಹೊತ್ತಿಗೆ ಶುರು ಮಾಡೋದು ಎಂದು ಕೇಳಿದರು. ನಾನೊಬ್ಬನೇ ಮಾಡಿಕೊಳ್ಳುತ್ತೇನೆ ಎಂದೆ.

"ನನ್ ಮೊಮ್ಮಗಳು ಕೂರೋ ಗಾಡಿ," ಎಂದರು. ಎಂಟಕ್ಕೆ ಎಂದೆ.

ಮಾರ್ಚ್ ೧೨, ಭಾನುವಾರ

ಎಂಟಕ್ಕೆ ಬರುತ್ತೇನೆಂದವರು ಏಳೂವರೆಗೇ ಸ್ಕೂಟರಿನಲ್ಲಿ ಬಂದಿಳಿದರು, ಕಾಲ ಬಳಿ ಪೆಟ್ಟಿಗೆ ಇಟ್ಟುಕೊಂಡು. ನಾನು ಜಾಕಿ ಹಾಕಿ ಗಾಡಿಯ ಕೆಳಗೆ ನುಗ್ಗುವುದರಲ್ಲಿದ್ದೆ. ಕೂಗಿ ನಿಲ್ಲಿಸಿದರು. ಜಾಕಿ ಇರುವುದು ಎತ್ತಲಿಕ್ಕೆ, ನಂಬಲಿಕ್ಕಲ್ಲ ಎಂದು ಬೈದು, ಎರಡು ಕಬ್ಬಿಣದ ಸ್ಟ್ಯಾಂಡುಗಳನ್ನು ಕೊಟ್ಟು, ಗಾಡಿಯನ್ನು ಅವುಗಳ ಮೇಲೆ ಇಳಿಸಿದ ಮೇಲೆಯೇ ಕೆಳಗೆ ಬಿಟ್ಟರು. ಬ್ಯಾಟರಿಯ ಒಂದು ತಂತಿಯನ್ನೂ ಮೊದಲೇ ಬಿಚ್ಚಿಸಿದರು.

ಅವರ ಸೊಂಟ ಬಗ್ಗುವುದಿಲ್ಲ. ಹಾಗಾಗಿ ನಾನು ಕೆಳಗೆ ಅಂಗಾತ, ಅವರು ಮೇಲೆ ಟಾರ್ಚ್ ಹಿಡಿದು. ಸೆನ್ಸರ್ ಇರುವುದು ಇಂಜಿನ್ನಿನ ಬೆನ್ನಿಗೆ, ಗೇರ್‌ಬಾಕ್ಸ್ ಸೇರುವ ಸಂದಿಯಲ್ಲಿ. ಕಣ್ಣಿಗೆ ಕಾಣುವುದಿಲ್ಲ, ಬೆರಳಿನಿಂದ ಹುಡುಕಬೇಕು. ಹತ್ತನೇ ಅಳತೆಯ ಸ್ಪ್ಯಾನರ್ ಕೂತಿತು, ಬೋಲ್ಟು ಜಪ್ಪಯ್ಯ ಅನ್ನಲಿಲ್ಲ. ತುಕ್ಕು ಹಿಡಿದು ಕಲ್ಲಾಗಿದೆ. ಬಲ ಹಾಕಿದೆ. ತಲೆ ಮುರಿದರೆ ಇಂಜಿನ್ನೇ ಇಳಿಸಬೇಕಾಗುತ್ತದೆ, ಆಮೇಲೆ ನಿನ್ನ ಶನಿವಾರ ಅಲ್ಲ, ಆರು ತಿಂಗಳು ಗಾಡಿ ಮರೆತುಬಿಡು ಎಂದರು. ಕೈ ತೆಗೆದೆ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಕಾಯಬೇಕಾಯಿತು.

ಕಾಯುವಾಗ ಮಾತಿಗೆ ಅಂತ, ನಮ್ಮ ಕಾಲದ ಬಸ್ಸಿಗೆ ಮೆದುಳಿರಲಿಲ್ಲ, ಡ್ರೈವರಿಗಿದ್ದರೆ ಸಾಕಾಗುತ್ತಿತ್ತು ಎಂದು ಕುಟುಕಿದರು. ಆಮೇಲೆ ಟಾರ್ಚ್ ಆರಿಸಿ, ಮಗುವಿನ ವಿಷಯ ತೆಗೆದರು. ಕಂಪಾಸ್ ಪೆಟ್ಟಿಗೆ, ನೀರಿನ ಬಾಟಲಿ, ಬೀರು, ಮಂಚದ ಕಾಲು, ಎಲ್ಲ ಕಡೆ ಅಂಟಿಸಿದ್ದ ಸ್ಟಿಕರುಗಳನ್ನು ಒಂದೂ ಬಿಡದೆ ಕಿತ್ತು ಕಸದ ಬುಟ್ಟಿಗೆ ಹಾಕಿದ್ದಾಳಂತೆ. ಯಾಕೆ ಎಂದರೆ ತುಟಿ ಪಿಟಕ್ಕೆನ್ನುವುದಿಲ್ಲವಂತೆ. ನಿಂಗೇನಾದ್ರೂ ಗೊತ್ತಾ ಎಂದು ಕೇಳಿದರು.

ನನ್ನ ಕೈಯಿಂದ ಸ್ಪ್ಯಾನರ್ ಜಾರಿ ಹಣೆಗೆ ಬಡಿಯಿತು. ಎಣ್ಣೆಕೈ. ಗೊತ್ತಿಲ್ಲ ಎಂದೆ.

ಮಾರ್ಚ್ ೧೩, ಸೋಮವಾರ

ಅಂಗಡಿಗೆ ಹೋಗುವ ಮುಂಚೆ ಎಣ್ಣೆ ಬಿಟ್ಟೆ. ಬಂದ ಮೇಲೂ ಬಿಟ್ಟೆ. ಹಣೆ ಊದಿದೆ.

ಮಾರ್ಚ್ ೧೪, ಮಂಗಳವಾರ

ಅರ್ಧ ದಿನ ರಜೆ ಹಾಕಿದೆ. ಮಾವ ಮಧ್ಯಾಹ್ನವೇ ಬಂದರು.

ಬೋಲ್ಟು ಕಿರ್ ಎಂದಿತು. ಅಷ್ಟು ಸಣ್ಣ ಸದ್ದಿಗೆ ಅಷ್ಟು ಸಂತೋಷ ನನಗೆ ಇತ್ತೀಚೆಗೆ ಆಗಿರಲಿಲ್ಲ. ಆದರೆ ಸೆನ್ಸರ್ ಬಿಸಿಗೆ ಊದಿಕೊಂಡು ತೂತಿನಲ್ಲಿ ಕಚ್ಚಿಕೊಂಡಿತ್ತು. ಎಡಕ್ಕೆ ಬಲಕ್ಕೆ ಅಲುಗಿಸಿ ಅಲುಗಿಸಿ ಮುಕ್ಕಾಲು ಗಂಟೆ. ಹೊರಗೆ ಬಂದದ್ದು ಹೆಬ್ಬೆರಳಿನಷ್ಟು ಕರಿ ತುಂಡು, ತುದಿಯ ಪ್ಲಾಸ್ಟಿಕ್ ಸೀಳಿತ್ತು. ಬಿಡಿಸುವಾಗ ವೈರಿನ ಪ್ಲಗ್ಗಿನ ಕೊಂಡಿ ಪಟ್ಟೆಂದು ಮುರಿಯಿತು. ಒಣಗಿ ಹಪ್ಪಳವಾಗಿತ್ತು, ನಾನೇನು ಮಾಡಲಿ ಎಂದೆ. ಮಾವ ಪ್ಲಾಸ್ಟಿಕ್ ಪಟ್ಟಿಯೊಂದನ್ನು ಕೊಟ್ಟರು, ಬಿಗಿದು ಕಟ್ಟಲಿಕ್ಕೆ. ಹೊಸದರ ರಬ್ಬರ್ ಉಂಗುರಕ್ಕೆ ಒಂದು ಹನಿ ಎಣ್ಣೆ ಸವರಿ, ಒತ್ತಿ, ಬೋಲ್ಟು ಬಿಗಿದೆ.

ಮಾವ ಸೀಟಿನಲ್ಲಿ ಕೂತು ಕೀಲಿ ತಿರುಗಿಸಿದರು. ಗರಗರ. ಹತ್ತಲಿಲ್ಲ. ಮತ್ತೆ ಗರಗರ. ಕೆಳಗೆ ಮಲಗಿದ್ದವನಿಗೆ ಗೇಟಿನ ಗಂಟೆಯೇ ಕಿವಿಯಲ್ಲಿ ಹೊಡೆದಂತಾಗಿ ಮೈ ಬೆವೆತುಹೋಯಿತು. ಸೆನ್ಸರೇ ಸರಿಯಿಲ್ಲ, ಆ ಮೆಕ್ಯಾನಿಕ್ ಕೆಟ್ಟ ಮಾಲು ತಗುಲಿಹಾಕಿದ್ದಾನೆ ಎಂದು ಕೂಗಿದೆ. ಪ್ಲಗ್ ಪೂರ್ತಿ ಒತ್ತಿದ್ದೀಯಾ ನೋಡು ಎಂದರು. ಒತ್ತಿದ್ದೇನೆ ಎಂದೆ. ನೋಡು ಎಂದರು. ಅರ್ಧ ಬೆರಳಗಲ ಹೊರಗಿತ್ತು.

ಒತ್ತಿ ಪಟ್ಟಿ ಬಿಗಿದ ಮೇಲೆ ಗೊರಕೆ ಎದ್ದಿತು. ನಾನು ಕೆಳಗಿನಿಂದ ತೆವಳಿ ಬಂದು ನೋಡಿದರೆ ಮಾವ ನಗುತ್ತಿರಲಿಲ್ಲ. ಹೆಬ್ಬೆರಳನ್ನು ಮೀಟರಿನ ಗಾಜಿನ ಮೇಲೆ, ಎಡಮೂಲೆಯಲ್ಲಿ, ನಿಧಾನವಾಗಿ ಉಜ್ಜುತ್ತಿದ್ದರು. ಬಾತುಕೋಳಿ ಕಿತ್ತೆನೇ ಹೊರತು ಅಂಟು ಒರೆಸಿರಲಿಲ್ಲ. ಧೂಳು ಕೂತು ಅದೇ ಆಕಾರ ಎದ್ದು ಕಾಣುತ್ತಿತ್ತು, ಕೊಕ್ಕು ಸಮೇತ.

ಇಂಜಿನ್ ಆರಿಸಿದರು. ಕೀಲಿ ಅರ್ಧ ತಿರುಗಿಸಿದರು, ಆ ಅಂಟಿನ ನಡುವೆ ದೀಪ ಹತ್ತಿತು. ಇಂಜಿನ್ ಹತ್ತಿಸಿದರು, ದೀಪ ಆರಿತು. ನನಗೆ ತೋರಿಸಲಿಕ್ಕೆಂದೇ ಮಾಡಿದರು.

"ಮಗು ಸ್ಟಿಕರ್ ಯಾಕೆ ಕಿತ್ ಹಾಕ್ತು ಅಂತ ಈಗ ಗೊತ್ತಾಯ್ತು," ಎಂದರು. ಬೆರಳನ್ನು ಬಟ್ಟೆಗೆ ಒರೆಸಿಕೊಂಡರು. "ನಾನು ಮನೇಲಿ ಬಾಯಿ ಬಿಡಲ್ಲ. ಅದು ನಾನು ಹೇಳೋ ಮಾತಲ್ಲ."

ಚಹಾ ಕುಡಿಯದೆ ಹೋದರು.

ಮಾರ್ಚ್ ೧೫, ಬುಧವಾರ

ಬರೆಯುವಂಥದ್ದು ಏನೂ ಇಲ್ಲ.

ಟೀಚರಿಗೆ ಫೋನ್ ಮಾಡಿ ಕನ್ನಡಕ ತರಿಸಿಕೊಂಡೆ. ಯಂತ್ರದಲ್ಲಿಟ್ಟು ನೋಡಿದೆ. ಬಲಗಣ್ಣಿನ ಲೆನ್ಸ್ ಹತ್ತು ಡಿಗ್ರಿ ತಿರುಗಿ ಕೂತಿತ್ತು. ನಾನೇ ಕೂರಿಸಿದ್ದು. ಹಾಗೆಂದು ಅವರಿಗೆ ಹೇಳಿ ಹೊಸದು ಹಾಕಿಕೊಟ್ಟೆ. ಅಂಗಡಿಯ ಮೆಟ್ಟಿಲನ್ನು ಕಂಬಿ ಹಿಡಿಯದೆ ಇಳಿದು ಹೋದರು.

ಮಾರ್ಚ್ ೧೬, ಗುರುವಾರ

ಬಿಸಿಯಾದಾಗಲೇ ಕೆಡುವ ಗಾಡಿಯನ್ನು ತಣ್ಣಗಿರುವಾಗ ನೋಡಿದರೆ ಏನು ಬಂತು? ಸಂಜೆ ನಾಲ್ಕಕ್ಕೆ ಮಾವನನ್ನು ಕೂರಿಸಿಕೊಂಡು ಒಂದೂವರೆ ಗಂಟೆ ಓಡಿಸಿದೆ. ಏರು ಹತ್ತಿಸಿದೆ. ಸಿಗ್ನಲ್ಲಿನಲ್ಲಿ ನಿಲ್ಲಿಸಿ ಫ್ಯಾನು ತಿರುಗುವವರೆಗೆ ಕಾಯಿಸಿದೆ. ಮಾವ ಮಡಿಲಲ್ಲಿ ಕೈ ಕಟ್ಟಿಕೊಂಡು ಮೈಯೆಲ್ಲ ಕಿವಿಯಾಗಿ ಕೂತಿದ್ದರು.

ಕೊನೆಗೆ ರೈಲ್ವೆ ಗೇಟು. ಹಳಿಗಿಂತ ಸ್ವಲ್ಪ ಹಿಂದೆ ನನ್ನ ಕಾಲು ತಾನಾಗಿ ಬ್ರೇಕ್ ಒತ್ತಿತು. ಹಿಂದಿನ ಕನ್ನಡಿಯಲ್ಲಿ ಖಾಲಿ ಸೀಟು ಕಾಣುತ್ತಿತ್ತು. ಅವತ್ತೂ ಆ ಕನ್ನಡಿಯಲ್ಲಿ ನೋಡಿದ್ದೆ. ಪುಟ್ಟಿ ಬೆಲ್ಟ್ ಬಿಚ್ಚಲಿಕ್ಕೆ ಒದ್ದಾಡುತ್ತಿದ್ದಳು, ಅವಳ ಬೆರಳಿಗೆ ಆ ಗುಂಡಿ ಒತ್ತಲಾಗುವುದಿಲ್ಲ. ನಾನು ಅದನ್ನು ನೋಡಿದ್ದೆ. ನೋಡಿಯೂ ಕೀಲಿಯನ್ನೇ ತಿರುಗಿಸಿದೆ.

ಹಿಂದಿನವರು ಹಾರ್ನ್ ಬಾರಿಸಿದರು. ಮಾವ ಅವಸರ ಮಾಡಲಿಲ್ಲ. ದಾಟಿದೆ. ನಾಲ್ಕು ಸಲ ಆಚೆಯಿಂದ ಈಚೆಗೆ ದಾಟಿಸಿದೆ, ಗೇಟಿನವನು ಇವನಿಗೇನು ತಲೆ ಕೆಟ್ಟಿದೆಯೇ ಎಂದು ನೋಡುತ್ತಿದ್ದ. ಗಾಡಿ ಒಂದು ಸಲವೂ ಕೆಮ್ಮಲಿಲ್ಲ. ನನಗೇ ಉಸಿರಾಡಲು ಆಗುತ್ತಿರಲಿಲ್ಲ.

ಇಳಿಯುವಾಗ ಮಾವ, ಗಾಡಿ ಸರಿ ಇದೆ, ಅಷ್ಟು ಮಾತ್ರ ಮಗಳಿಗೆ ಹೇಳುತ್ತೇನೆ ಎಂದರು.

ಮನೆಗೆ ಬಂದು ಮಾರ್ಚ್ ೫ರ ಪುಟ ತೆಗೆದೆ. 'ಪುಟ್ಟಿ ಅಂಟಿಸಿಬಿಟ್ಟಿದ್ದಳು' ಎಂದಿದೆ. ಅಪ್ಪ, ಆ ದೀಪ ಏನೋ ಹೇಳ್ತಿದೆ ಎಂದು ಅವಳು ಬೆರಳು ತೋರಿಸಿದ್ದಳು. ಅದಕ್ಕೆ ಹೇಳಲಿಕ್ಕೆ ಏನೂ ಇಲ್ಲ, ಒಂದು ಸ್ಟಿಕರ್ ಅಂಟಿಸಿ ಬಾಯಿ ಮುಚ್ಚಿಸು ಎಂದವನು ನಾನು. ಇಬ್ಬರೂ ನಕ್ಕಿದ್ದೆವು. ಆ ಸಾಲು ಹೊಡೆದುಹಾಕಿದೆ. ಮಾರ್ಚ್ ೪ರಲ್ಲಿ 'ಯಾವ ಸೂಚನೆಯೂ ಇಲ್ಲದೆ' ಎಂಬುದನ್ನೂ ಹೊಡೆದುಹಾಕಿದೆ.

ಮಾರ್ಚ್ ೧೮, ಶನಿವಾರ

ನಡೆದದ್ದು ನಡೆದ ಹಾಗೆ ಬರೆಯುತ್ತೇನೆ.

ಒಂಬತ್ತೂವರೆಗೆ ಗಾಡಿ ತೆಗೆದುಕೊಂಡು ಹೋದೆ. ಗಾಡಿ ಸರಿ ಇದೆ ಎಂದು ಮಾವ ಮೊದಲೇ ಹೇಳಿದ್ದರು. ಅವಳು ಗಾಡಿಯನ್ನು ಸುತ್ತು ಹಾಕಿ ನೋಡಿ, ಇಂಜಿನ್ ಹತ್ತಿಸಲು ಹೇಳಿ ಸದ್ದು ಕೇಳಿ, ಅಪ್ಪನ ಮುಖವನ್ನೂ ಇನ್ನೊಮ್ಮೆ ನೋಡಿ, ಕೊನೆಗೆ ಪುಟ್ಟಿಯ ಚೀಲವನ್ನು ತಾನೇ ತಂದು ಹಿಂದಿನ ಸೀಟಿನಲ್ಲಿಟ್ಟಳು. ನನಗೆ ಗೆದ್ದಂತಾಯಿತು. ಹೇಳಬೇಕೆಂದು ರಾತ್ರಿಯೆಲ್ಲ ಕಟ್ಟಿಕೊಂಡಿದ್ದ ಮಾತು ಗಂಟಲಿನಿಂದ ಕೆಳಗಿಳಿಯಿತು. ಇನ್ನೊಂದು ದಿನ ಹೇಳಿದರಾಯಿತು ಅನ್ನಿಸಿತು, ಸುಳ್ಳೇಕೆ ಹೇಳಲಿ.

ಪುಟ್ಟಿ ಬಾಗಿಲ ಚೌಕಟ್ಟನ್ನು ಹಿಡಿದು ನಿಂತಿದ್ದಳು.

"ನಾನು ಬರಲ್ಲ," ಎಂದಳು.

ಹೆದರಬೇಡಮ್ಮ, ತಾತ ರಿಪೇರಿ ಮಾಡಿಸಿದ್ದಾರೆ ಎಂದು ಅವಳಮ್ಮ ಕೈ ಹಿಡಿದಳು.

"ನಾನು ಕೂತ್ರೆ ಮತ್ತೆ ನಿಲ್ಲುತ್ತೆ."

ಯಾಕೆ ಹಾಗಂತೀಯ ಎಂದು ಅವಳಮ್ಮ ಕೇಳಿದಳು. ಪುಟ್ಟಿ ಉತ್ತರ ಕೊಡದೆ ನನ್ನ ಕಡೆ ನೋಡಿದಳು. ಹೇಳಲಾ ಬೇಡವಾ ಎಂದು ಕೇಳುವ ಕಣ್ಣು. ಹದಿನಾಲ್ಕು ದಿನದಿಂದ ಆ ಮಗು ನನ್ನನ್ನು ಕಾಯುತ್ತಿತ್ತು, ನಾನು ಅದನ್ನು ಜಾಣತನ ಅಂದುಕೊಂಡಿದ್ದೆ.  ಮಾವ ಜಗಲಿಯಲ್ಲಿ ಪೇಪರಿನ ಹಿಂದಿನಿಂದ ತಲೆ ಎತ್ತಲಿಲ್ಲ.

"ಇಂಜಿನ್ ದೀಪ ನವೆಂಬರಿಂದ ಉರೀತಿತ್ತು," ಎಂದೆ ಅವಳಮ್ಮನಿಗೆ. "ನಂಗೆ ಗೊತ್ತಿತ್ತು. ಪುಟ್ಟಿ ಅದನ್ನ ನೋಡಿ ಹೇಳಿದ್ಲು. ಅದರ ಮೇಲೆ ಸ್ಟಿಕರ್ ಅಂಟ್ಸು ಅಂತ ನಾನೇ ಅವಳ ಕೈಲಿ ಅಂಟಿಸ್ದೆ. ಮತ್ತೆ ಅವತ್ತು ಹಳಿ ಮೇಲೆ ಅವಳನ್ನ ನಾನು ಇಳಿಸ್ಲಿಲ್ಲ. ಲಾರಿಯವ್ನು ಬರ್ದೇ ಇದ್ದಿದ್ರೂ ನಾನು ಕೀಲಿ ತಿರುಗಿಸ್ತಾನೇ ಇರ್ತಿದ್ದೆ."

ಪುಟ್ಟಿ ಚೌಕಟ್ಟಿನಿಂದ ಕೈ ತೆಗೆದಳು.

"ಹಾಗಾದ್ರೆ ಗಾಡಿ ನಿಲ್ಲಿಸಿದ್ದು ನಾನಲ್ವಾ?" ಎಂದಳು ಪುಟ್ಟಿ.

"ನೀನಲ್ಲ."

"ಬಾತುಕೋಳಿನೂ ಅಲ್ವಾ?"

"ಅಲ್ಲ ಕಂದ. ನಾನು."

ಆಗ ಅತ್ತಳು. ರೈಲು ಹೋಗುವಾಗಲೂ ಅಳದವಳು ಬಿಕ್ಕಿ ಬಿಕ್ಕಿ ಅತ್ತಳು. ಅವಳಮ್ಮ ಅವಳನ್ನು ಎತ್ತಿಕೊಂಡು ಗಾಡಿಯ ಹತ್ತಿರ ಹೋಗಿ, ಇನ್ನೊಂದು ಕೈಯಿಂದ ಚೀಲ ಹೊರಗೆ ತೆಗೆದಳು. ಇವತ್ತು ಬೇಡ ಎಂದಳು. ಅಷ್ಟೇ. ಬೈದಿದ್ದರೆ ವಾಸಿಯಿತ್ತು.

ಒಬ್ಬನೇ ಬಂದೆ. ಗಾಡಿ ಚೆನ್ನಾಗಿ ಓಡಿತು.

ಮಾರ್ಚ್ ೨೨, ಬುಧವಾರ

ಪುಟ್ಟಿಯ ಅಮ್ಮ ಫೋನ್ ಮಾಡಿದ್ದಳು. ಎರಡು ತಿಂಗಳು ಗಾಡಿಯ ಮಾತೇ ಎತ್ತಬಾರದು, ಬಸ್ಸಿನಲ್ಲಾದರೆ ಶನಿವಾರ ಕರೆದುಕೊಂಡು ಹೋಗು, ಸಂಜೆಗೆ ತಂದು ಬಿಡು ಎಂದಳು. ರಾತ್ರಿ ಉಳಿಸಿಕೊಳ್ಳುವುದು ಸದ್ಯಕ್ಕೆ ಇಲ್ಲ. ಆಗಲಿ ಎಂದೆ. ಇನ್ನೇನೋ ಕೇಳುತ್ತಾನೆ ಎಂದು ಕಾದಳು ಅಂತ ಕಾಣುತ್ತದೆ, ಸ್ವಲ್ಪ ಹೊತ್ತು ಫೋನ್ ಇಡಲಿಲ್ಲ. ಹಿಂದಿನಿಂದ ಮಾವನ ದನಿ ಕೇಳಿಸಿತು. ಬೋಲ್ಟು ಇನ್ನೊಂದು ಸಲ ಬಿಗಿ ಮಾಡಿ ನೋಡ್ಬೇಕು ಅಂತ ಅಳಿಯಂದ್ರಿಗೆ ಹೇಳು.

ಮಾರ್ಚ್ ೨೫, ಶನಿವಾರ

ಬಸ್ಸಿನಲ್ಲಿ ಪುಟ್ಟಿ ಮುಂದಿನ ಸೀಟೇ ಬೇಕೆಂದು ಹಠ ಹಿಡಿದಳು. ಕೂತು ಐದು ನಿಮಿಷವಾಗಿಲ್ಲ, ತೋಳು ಜಗ್ಗಿದಳು.

"ಅಪ್ಪ, ಡ್ರೈವರ್ ಮಾಮ ನೋಡ್ತಾ ಇಲ್ಲ. ಅಲ್ಲಿ ಕೆಂಪು ದೀಪ ಉರೀತಿದೆ."

ಬಸ್ಸು ತುಂಬಿತ್ತು. ಎದ್ದು ಹೋಗಿ ಹೇಳಿದೆ. ಅದು ಯಾವಾಗಲೂ ಉರಿಯುತ್ತೆ ಸ್ವಾಮಿ, ನೀವು ಹೋಗಿ ಕೂತ್ಕೊಳ್ಳಿ ಎಂದ ಡ್ರೈವರ್. ಹಿಂದೆ ಯಾರೋ ನಕ್ಕರು. ನಾನು ಕೂರಲಿಲ್ಲ. ರೈಲ್ವೆ ಗೇಟಿಗಿಂತ ಒಂದು ಸ್ಟಾಪು ಮುಂಚೆ ನಾವಿಬ್ಬರೂ ಇಳಿದುಬಿಟ್ಟೆವು. ಹಳಿಯನ್ನು ನಡೆದೇ ದಾಟಿದೆವು. ಪುಟ್ಟಿ ನನ್ನ ಕೈ ಬೆರಳು ನೋಯುವಷ್ಟು ಬಿಗಿಯಾಗಿ ಹಿಡಿದಿದ್ದಳು, ದಾಟಿದ ಮೇಲೆ ಬಿಟ್ಟು ಮುಂದೆ ಓಡಿದಳು.

ಈಜಿನ ಕ್ಲಾಸಿಗೆ ಇಪ್ಪತ್ತೈದು ನಿಮಿಷ ತಡ. ಕೋಚ್ ಗಡಿಯಾರ ತೋರಿಸಿ ಪುಟ್ಟಿಗೆ ಗದರಿಸಹೊರಟರು. ಅವಳದ್ದಲ್ಲ ಸರ್, ನನ್ನಿಂದ ತಡವಾಯಿತು ಎಂದೆ.

ಸಂಜೆ ಅವಳನ್ನು ಬಿಟ್ಟು ಮನೆಗೆ ಬಂದು ಅಂಗಿ ಬಿಚ್ಚಿದರೆ ಬೆನ್ನ ಮೇಲೆ ಹಳದಿ ಬಾತುಕೋಳಿ. ಯಾವಾಗ ಅಂಟಿಸಿದಳೋ. ಕೋಚ್ ಎದುರೂ ಅವಳಮ್ಮನ ಎದುರೂ ಅದನ್ನು ಹೊತ್ತುಕೊಂಡೇ ನಿಂತಿದ್ದೇನೆ. ನಾನು ಹೊರಟು ತಿರುಗಿ ನೋಡಿದಾಗ ಅವಳಮ್ಮ ಬಾಗಿಲಲ್ಲಿ ತುಟಿ ಕಚ್ಚಿಕೊಂಡದ್ದು ಯಾಕೆಂದು ಈಗ ತಿಳಿಯಿತು.

ಹರಿಯದಂತೆ ಬಿಡಿಸಿ ಇಲ್ಲೇ ಅಂಟಿಸಿದ್ದೇನೆ, ಪುಟದ ಅಂಚಿನಲ್ಲಿ, ಒಂದು ಅಕ್ಷರವೂ ಮುಚ್ಚಿಹೋಗದ ಕಡೆ.